ಕೈ ಮೇಲೆ ಕೂತವರು

ಯಾರಾದರೂ ಮೊಬೈಲ್ ಹಿಡಿದು ಎಲ್ಲಿ ಒತ್ತಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರೆ, ನಮ್ಮ ಡಿಸೈನರ್ ಅಕ್ಕ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಡುತ್ತಿದ್ದರು. ಹತ್ತು ನಿಮಿಷವಾಗಲಿ, ಅರ್ಧ ಗಂಟೆಯಾಗಲಿ, ಹಾಗೇ. ಎದ್ದಾಗ ಅಂಗೈ ತುಂಬ ಕುರ್ಚಿಯ ಹೆಣಿಗೆಯ ಅಚ್ಚು ಮೂಡಿರುತ್ತಿತ್ತು. ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ, ಕೈ ಮಾತ್ರ ಬೋಳು. ಬಳೆ ಸದ್ದಾದರೆ ಪರದೆ ನೋಡುತ್ತಿದ್ದವರು ತಿರುಗಿ ಇವರ ಮುಖ ನೋಡುತ್ತಾರೆ, ಆ ಮುಖದಲ್ಲಿ ಉತ್ತರ ಹುಡುಕುತ್ತಾರೆ ಎಂದು ಬಳೆಗಳನ್ನೇ ತೆಗೆದಿಟ್ಟಿದ್ದರು. ಬಳೆ ಮಾರುವವಳ ಮಗನಾದ ನನಗೆ ಮೊದಲ ದಿನ ಕಣ್ಣಿಗೆ ಬಿದ್ದದ್ದೇ ಆ ಕೈ.

"ಬಾಯಿಗಿಂತ ಕೈ ಜಾಸ್ತಿ ಮಾತಾಡ್ತದ ತಮ್ಮಾ," ಎನ್ನುತ್ತಿದ್ದರು. "ಅದಕ್ಕ ಮೊದ್ಲ ಅದರ ಮ್ಯಾಲ ಕುಂದ್ರಬೇಕು."

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾಲ್ಕೈದು ಜನ ಸೇರಿ ಶಾಲೆಗೆ, ಮಠಕ್ಕೆ, ಗೊಬ್ಬರದ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಒಬ್ಬ ಬಣ್ಣ, ಚಿತ್ರ ನೋಡಿಕೊಳ್ಳುತ್ತಿದ್ದ. ಕೋಡ್ ಬರೆಯುವವನು ನಾನು. ನನ್ನ ಕೋಡಿನ ಬಗ್ಗೆ ನನಗೆ ಎಷ್ಟು ಜಂಬವೆಂದರೆ, ಯಾರಾದರೂ ತಪ್ಪು ಬಟನ್ ಒತ್ತಿದರೆ ಅವರ ವಿದ್ಯಾಭ್ಯಾಸದ ಮೇಲೆಯೇ ಅನುಮಾನ ಪಡುತ್ತಿದ್ದೆ. ಅಂಥ ಹೊತ್ತಿನಲ್ಲಿ ಅಕ್ಕ ಬಂದರು. ಗುರುಮಠಕಲ್ ಕಡೆಯವರು, ಹೈದರಾಬಾದಿನಲ್ಲಿ ಎಂಟು ವರ್ಷ ಇದೇ ಕೆಲಸ ಮಾಡಿದ್ದರು. ಗಂಡನಿಗೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸ, ಯಾದಗಿರಿಗೆ ವರ್ಗವಾಗಿತ್ತು. "ಇವರು ಇಂಟರ್‌ಆಕ್ಷನ್ ಡಿಸೈನರ್," ಎಂದು ಮಾಲೀಕರು ಪರಿಚಯಿಸಿದಾಗ ನನಗೆ ನಗು ತಡೆಯಲಾಗಲಿಲ್ಲ.

"ಬಣ್ಣ ಅಂವ ಹಚ್ತಾನ, ಕೋಡ್ ನಾ ಬರೀತೀನಿ. ನಡುವ ನೀವೇನ್ ಮಾಡ್ತೀರಿ ಅಕ್ಕಾ?" ಎಂದು ಕೇಳಿಯೇಬಿಟ್ಟೆ.

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ಬಸ್ ಸ್ಟ್ಯಾಂಡಿಗಿ ಹೋಗಿ ನಿಂತು ನೋಡು. ಬಸ್ಸಿನ ಹಣಿ ಮ್ಯಾಲ ಸುರಪುರ ಅಂತ ಇಷ್ಟ ದಪ್ಪ ಬರದಿರ್ತದ. ಓದಾಕ ಬಂದವರೂ ಬಾಗಿಲದಾಗ ನಿಂತು, 'ಸುರಪುರಕ ಹೋಗ್ತದೇನ್ರಿ?' ಅಂತ ಕೇಳೇ ಹತ್ತತಾರ. ಬೋರ್ಡ್ ಬರದವ ನೀನು. ಅವರು ಯಾಕ ಕೇಳ್ತಾರ ಅಂತ ನೋಡಾಕಿ ನಾನು."

ಮಾತೇನೋ ಚೆನ್ನಾಗಿತ್ತು. ಆದರೆ ಮಾತಿಗೆ ಸಂಬಳ ಕೊಡುವ ಕಾಲ ಬಂತಲ್ಲ ಎಂದು ನಾನು ಒಳಗೊಳಗೇ ಗೊಣಗಿಕೊಂಡೆ.

ಅಕ್ಕನ ಕೆಲಸದ ಪರಿಯೂ ವಿಚಿತ್ರ. ಕೆಳಗಿನ ಪ್ರೆಸ್ಸಿನಲ್ಲಿ ಕೆಟ್ಟುಹೋದ ಲಗ್ನಪತ್ರಿಕೆಗಳನ್ನು ರಾಶಿಗಟ್ಟಲೆ ತಂದು, ಅವುಗಳ ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ವೆಬ್‌ಸೈಟಿನ ಒಂದೊಂದೇ ಪುಟ ಬಿಡಿಸುತ್ತಿದ್ದರು. ಆಮೇಲೆ ಅವನ್ನು ಕಂಕುಳಲ್ಲಿಟ್ಟುಕೊಂಡು ಹಿಟ್ಟಿನ ಗಿರಣಿಗೋ ಚಹದಂಗಡಿಗೋ ನಡೆಯುವುದು. ಸರದಿಯಲ್ಲಿ ಕೂತವರ ಮುಂದೆ ಒಂದು ಕಾಗದ ಇಟ್ಟು, "ಇದು ಮೊಬೈಲ್ ಅಂತ ತಿಳೀರಿ. ನಿಮಗ ಒಂದು ಸೀರಿ ಬೇಕಾಗ್ಯಾದ. ಎಲ್ಲಿ ಒತ್ತತೀರಿ?" ಎನ್ನುವುದು. ಅವರು ಬೆರಳಿಟ್ಟ ತಕ್ಷಣ ಆ ಕಾಗದ ತೆಗೆದು ಮುಂದಿನ ಪುಟದ ಕಾಗದ ಇಡುವುದು. ಅಂದರೆ ಕಂಪ್ಯೂಟರು ಸ್ವತಃ ಅಕ್ಕನೇ. ಒಮ್ಮೆ ಗಿರಣಿಯಲ್ಲಿ ಮುದುಕರೊಬ್ಬರು ಕಾಗದವನ್ನು ಎಲ್ಲಿಯೂ ಒತ್ತದೆ ತಿರುವಿ ಹಾಕಿ, ಹಿಂದಿನದನ್ನು ಪೂರ್ತಿ ಓದಿ, "ಲಗ್ನ ಮುಗದೇ ಹೋಗ್ಯಾದಲ್ಲವ್ವಾ, ಈಗ ಪತ್ರಿಕಿ ಕೊಡಾಕತ್ತೀದಿ!" ಎಂದು ಬೈದರು. ಅಕ್ಕ ಅದನ್ನೂ ಬರೆದುಕೊಂಡರು. ನಾನು ಒಂದು ವಾರ ಆಫೀಸಿನಲ್ಲಿ ಅದನ್ನೇ ಹೇಳಿ ನಗಿಸಿದೆ.

ನನ್ನ ನಗು ಸ್ವಲ್ಪ ಇಳಿದದ್ದು ಶಹಾಪುರದ ಸಾಹುಕಾರರ ಕೆಲಸದಲ್ಲಿ. ಅವರದು ದೊಡ್ಡ ಕಿರಾಣಿ ಅಂಗಡಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಸಣ್ಣ ಅಂಗಡಿಗಳನ್ನು ಒಂದೇ ವೆಬ್‌ಸೈಟಿನಲ್ಲಿ ಕೂಡಿಸಿ ಪೇಟೆ ಮಾಡಬೇಕೆಂಬುದು ಅವರ ಆಸೆ. ನಾವು ಮಾಡಿಕೊಟ್ಟೆವು. ಆದರೆ ಆರ್ಡರ್ ಮಾಡಿದ ಮಂದಿಯೆಲ್ಲ ಮರುಕ್ಷಣವೇ ಅಂಗಡಿಗೆ ಫೋನ್ ಹಚ್ಚಿ, "ಬಂತೇನ್ರಿ?" ಎಂದು ಕೇಳತೊಡಗಿದರು. ಪರದೆಯಲ್ಲಿ ನಾನು 'ಯಶಸ್ವಿಯಾಗಿ ಸಲ್ಲಿಕೆಯಾಗಿದೆ' ಎಂದು ಬರೆದಿದ್ದೆನಲ್ಲ, ಮತ್ತೇನು ಬೇಕು ಇವರಿಗೆ? ಅಕ್ಕ ಆ ಸಾಲು ಅಳಿಸಿ, 'ಬಂತ್ರಿ. ನಿಮ್ಮ ಹೆಸರು ಬರಕೊಂಡೀವಿ. ನಾಳಿ ಕಳಸ್ತೀವಿ' ಎಂದು ಹಾಕಿಸಿದರು. ಫೋನುಗಳು ತಣ್ಣಗಾದವು. ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದವರಿಗೆ ಕಂಡಕ್ಟರ್ "ಹೌದ್ರಿ, ಏರ್ರಿ" ಎಂದ ಹಾಗಾಯಿತು.

ಆ ಪೇಟೆಯಲ್ಲಿ ಸುರಪುರದ ಒಂದು ಬಳೆ ಅಂಗಡಿಯೂ ಇತ್ತು. ಅದು ನಮ್ಮವ್ವನದು. ಇದನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆಯೆಂದರೆ ನಾಚಿಕೆ, ಇಲ್ಲವೆಂದರೆ ಇಲ್ಲ. ಶಿಫಾರಸು ಮಾಡಿ ಸೇರಿಸಿದ ಅಂಗಡಿ ಎಂದು ಯಾರೂ ಆಡಿಕೊಳ್ಳದಿರಲಿ ಎಂದು ನನಗೆ ನಾನೇ ಸಬೂಬು ಹೇಳಿಕೊಂಡಿದ್ದೆ. ಅಪ್ಪ ಮೊದಲು ಬಳೆಗಳನ್ನು ಹಗ್ಗಕ್ಕೆ ಪೋಣಿಸಿ, ಆ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತಿದವನು. ಅಂಗಡಿ ಇಟ್ಟ ಮೇಲೂ ಸುತ್ತುವುದು ಬಿಟ್ಟಿರಲಿಲ್ಲ; ಮೊಣಕಾಲು ಸೋತ ಮೇಲೆ ಮನೆಯಲ್ಲಿ ಕೂತ. ಅಂಗಡಿ ಅವ್ವನ ಪಾಲಿಗೆ ಬಂತು. ವೆಬ್‌ಸೈಟಿನಿಂದ ಮೊದಲ ಆರ್ಡರ್ ಬಂದ ದಿನ ಅಪ್ಪ, "ನನ್ನ ಮಲಾರ ಮತ್ತ ಊರೂರು ಅಡ್ಡಾಡಾಕತ್ತದ ನೋಡು," ಎಂದು ಓಣಿಯವರಿಗೆಲ್ಲ ಹೇಳಿಬಂದಿದ್ದ.

ಅಷ್ಟರಲ್ಲೇ ತಕರಾರು ಸುರುವಾದವು. ಅಂಗಡಿಯಲ್ಲಿ ಮುಗಿದುಹೋದ ಬಳೆ ವೆಬ್‌ಸೈಟಿನಲ್ಲಿ ಇನ್ನೂ ಇದೆ ಎಂದೇ ತೋರಿಸುತ್ತಿತ್ತು. ಮಾಲು ಮುಗಿದ ಕೂಡಲೇ ಅಂಗಡಿಯವರು ಒತ್ತಲೆಂದು ನಾನು ಕೆಂಪು ಬಣ್ಣದಲ್ಲಿ 'ಸ್ಟಾಕ್ ಇಲ್ಲ' ಎಂಬ ದೊಡ್ಡ ಬಟನ್ ಮಾಡಿಟ್ಟಿದ್ದೆ. ಅವ್ವ ಅದನ್ನು ಒತ್ತುತ್ತಲೇ ಇರಲಿಲ್ಲ. ಹೀಗಾಗಿ ಒಂದು ಮದುವೆಯ ಹಸಿರು ಬಳೆ ಮದುವೆ ಮುಗಿದ ಮರುದಿನ ತಲುಪಿತು. ಮದುಮಗಳು ಬೇರೆಯವರ ಬಳೆ ಇಟ್ಟುಕೊಂಡು ಅಕ್ಷತೆಗೆ ನಿಂತಳಂತೆ. ಅದು ಮೂರನೆಯ ತಕರಾರು. ಮೂರು ತಕರಾರು ಬಂದ ಅಂಗಡಿಯನ್ನು ತೆಗೆದುಹಾಕಬೇಕೆಂಬುದು ಸಾಹುಕಾರರೇ ಮಾಡಿದ ನಿಯಮ. ಮುಂದಿನ ಸೋಮವಾರದಿಂದ ಲಗ್ನಸರಾಯಿ, ಮದುವೆಗಳ ಸುಗ್ಗಿ, ಸುರು. ಅಷ್ಟರೊಳಗೆ ಅಂಗಡಿ ತೆಗೆಯಿರಿ ಎಂದು ಹೇಳಿಕಳಿಸಿದರು. ತೆಗೆಯುವ ಕೆಲಸ ಬಂದದ್ದು ನನ್ನ ಪಾಲಿಗೇ.

ನನಗೆ ಅವ್ವನ ಮೇಲೆ ಎಲ್ಲಿಲ್ಲದ ಸಿಟ್ಟು. ಅಕ್ಕನ ಮುಂದೆ ಅದನ್ನು ಕಾರಿಕೊಂಡೆ, ಯಾರೋ ಮೂರನೆಯವರ ಬಗ್ಗೆ ಹೇಳುವವನಂತೆ. "ಆ ಬಳಿ ಅಂಗಡಿ ಅವ್ವಗ ಮೂರು ಸಲ ಹೇಳಿಕೊಟ್ಟೀನಿ ಅಕ್ಕಾ. ಹೂಂ ಹೂಂ ಅಂತಾಳ. ತಲೀಗಿ ಮಾತ್ರ ಹೋಗಂಗಿಲ್ಲ."

"ಹೇಳಿಕೊಟ್ಟಿ. ನೋಡಿದೇನು?"

"ಏನ್ ನೋಡೂದು?"

"ಹೇಳಿಕೊಡೂ ಮುಂದ ಬಟನ್ ಒತ್ತಿದವರು ಯಾರು? ಅಕಿಯೋ, ನೀನೋ?"

ನೆನಪು ಮಾಡಿಕೊಂಡೆ. ಮೂರು ಸಲವೂ ಅವ್ವನ ಕೈಯಿಂದ ಫೋನ್ ಕಸಿದು ನಾನೇ ಒತ್ತಿ ತೋರಿಸಿದ್ದೆ.

"ನಾಳಿ ಸುರಪುರಕ ಹೋಗೂಣು," ಎಂದರು ಅಕ್ಕ. "ಅಂಗಡಿ ತೆಗೆಯೂದು ಎರಡು ದಿನ ತಡೀಲಿ. ಸಾವ್ಕಾರ್ರಿಗಿ ನಾ ಹೇಳ್ತೀನಿ."

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡನ್ನು ಚೆನ್ನಾಗಿ ಓದಿದ ಅಕ್ಕ, ಬಾಗಿಲಲ್ಲಿ ನಿಂತು ಕಂಡಕ್ಟರನನ್ನು, "ಸುರಪುರಕ ಹೋಗ್ತದಲ್ರಿ?" ಎಂದು ಕೇಳಿದರು. ನಾನು ಗಹಗಹಿಸಿ ನಕ್ಕೆ. "ನಗು, ನಗು. ನಾನೂ ಮನಷ್ಯಾಳೇ ಅಲ್ಲೇನು?" ಎನ್ನುತ್ತ ಏರಿದರು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಅಂಗಡಿ ಯಾರದೆಂದು ಹೇಗೆ ಹೇಳುವುದು? ಶಹಾಪುರ ದಾಟಿದರೂ ಬಾಯಿ ಬರಲಿಲ್ಲ. ಕೊನೆಗೆ ಹೇಳುವ ಕೆಲಸವನ್ನು ಅವ್ವನೇ ಮಾಡಿದಳು. ಅಂಗಡಿಯ ಮೆಟ್ಟಿಲ ಮೇಲೆ ನನ್ನನ್ನು ಕಂಡದ್ದೇ, "ಬಂದೇನೋ ನನ್ನಪ್ಪಾ! ಉಂಡು ಬಂದೀದಿಯೋ ಇಲ್ಲೋ?" ಎಂದಳು.

ಅಕ್ಕ ನನ್ನ ಕಡೆ ಒಮ್ಮೆ ತಿರುಗಿ ನೋಡಿದರು. ಖುಷಿಯಾದಾಗ ಅವರ ಬಾಯಿಂದ ತೆಲುಗು ಬರುತ್ತಿತ್ತು, ಚೆನ್ನಾಗಿದೆ ಎನ್ನಲು "ಬಾಗುಂದಿ" ಎನ್ನುತ್ತಿದ್ದರು. ಅವತ್ತು ಆ "ಬಾಗುಂದಿ"ಯನ್ನು ಎಷ್ಟು ಒಣದಾಗಿ ಅಂದರೆಂದರೆ ನನ್ನ ಕಿವಿ ಕಾದವು.

ಅವ್ವನ ಕಣ್ಣು ಮಾತ್ರ ಆಗಲೇ ಅಕ್ಕನ ಮಣಿಕಟ್ಟಿನ ಮೇಲೆ. "ಎವ್ವಾ! ಮುತ್ತೈದಿ, ಬರಿಗೈಲೆ ಅಡ್ಡಾಡ್ತೀಯೇನು? ಕುಂದ್ರು ಇಲ್ಲಿ. ಮೊದ್ಲ ಬಳಿ ಇಟ್ಟಕೊ, ಆಮ್ಯಾಲ ಮಾತು."

"ಕೆಲಸ ಮುಗೀಲಿ ದೊಡ್ಡವ್ವಾ. ನಿನ್ನ ಕೈಲೇ ಇಡಿಸ್ಕೊಂತೀನಿ. ಮಾತು ಕೊಟ್ಟೀನಿ."

ಅಕ್ಕ ಜಮಖಾನೆಯ ಮೇಲೆ ಮೂಲೆಯಲ್ಲಿ ಕೂತು ಅಂಗೈಗಳನ್ನು ತೊಡೆಯಡಿ ಸೇರಿಸಿದರು. ನನಗೂ ಹಾಗೇ ಕೂರಲು ಸನ್ನೆ. ಬಾಯಿ ಬಿಚ್ಚಬಾರದೆಂಬ ಷರತ್ತು ಬಸ್ಸಿನಲ್ಲೇ ಆಗಿತ್ತು. ಅವ್ವ ಇಬ್ಬರನ್ನೂ ನೋಡಿ, "ಇದೇನು, ಇಬ್ಬರಿಗೂ ಕೈಗಿ ಚಳಿ ಹತ್ತೇದೇನು?" ಎಂದು ನಕ್ಕಳು.

ಕೂತೆವು. ಗಿರಾಕಿಗಳು ಬಂದರು, ಹೋದರು. ಒಬ್ಬ ಹುಡುಗಿಗೆ ಬಳೆ ಏರಿಸುವಾಗ ಒಂದು ಬಳೆ ಪಟ್ಟನೆ ಒಡೆಯಿತು. ಹುಡುಗಿ ಹೆದರಿ, "ನಾ ಕೈ ಗಟ್ಟಿ ಹಿಡದೆನೇನೋ, ಅದರದೂ ರೊಕ್ಕ ಹಿಡೀರಿ," ಎಂದಳು. ಅವ್ವ ಚೂರುಗಳನ್ನು ಆರಿಸುತ್ತ, "ಏರಸೂ ಮುಂದ ಒಡದ್ರ ಅದು ಏರಸಾಕಿ ಲುಕ್ಸಾನವ್ವಾ. ಕೈ ಕೊಟ್ಟಾಕಿ ತಪ್ಪೇನದ?" ಎಂದಳು. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ಪಕ್ಕದಲ್ಲಿ ಅಕ್ಕ ಉಸಿರು ಬಿಗಿಹಿಡಿದಂತೆ ಕೂತದ್ದು ಕಂಡು, ಇದರಲ್ಲಿ ಅಂಥದ್ದೇನಿದೆ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಹಸಿರು ಬಳೆಯ ಸಣ್ಣ ಅಳತೆಯ ಕೊನೆಯ ಡಜನ್ ಮಾರಿಹೋಯಿತು. ಈಗ ಅವ್ವ ಬಟನ್ ಒತ್ತಬೇಕು. ಅವಳು ಮರೆತಿರಲಿಲ್ಲ. ಫೋನ್ ತೆಗೆದುಕೊಂಡಳು, ಚಾಳೀಸು ಏರಿಸಿದಳು, ವೆಬ್‌ಸೈಟ್ ತೆರೆದಳು, ಹಸಿರು ಬಳೆಯ ಪುಟಕ್ಕೆ ನೇರವಾಗಿ ಹೋದಳು. ಎಲ್ಲೂ ತಡವರಿಸಲಿಲ್ಲ. ತಲೆಗೆ ಹೋಗುವುದಿಲ್ಲ ಎಂದಿದ್ದೆನಲ್ಲ, ಆ ತಲೆಗೆ ಎಲ್ಲವೂ ಹೋಗಿತ್ತು. ಬೆರಳು ಕೆಂಪು ಬಟನ್ನಿನ ಮೇಲೆ ಬಂತು. ಅಲ್ಲೇ ನಿಂತಿತು. ಅವ್ವ ಗೋಡೆಯ ಮೇಲಿನ ದೇವರ ಫೋಟೋದ ಕಡೆ ನೋಡಿದಳು. ಬೆರಳು ಹಿಂದಕ್ಕೆ ಬಂತು. ಫೋನನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟಳು.

ನನಗೆ ಎದ್ದು ಒತ್ತಿಬಿಡಬೇಕೆನಿಸಿತು. ಕೈ ನನ್ನದೇ ಭಾರದ ಕೆಳಗೆ ಒದ್ದಾಡಿತು. ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದರು. "ದೊಡ್ಡವ್ವಾ, ಬೊಟ್ಟು ಹಿಂದ ಬಂತಲ್ಲ, ಆಗ ಏನ್ ಅನಸ್ತು?"

ಅವ್ವ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಬಳಿ ಅಂಗಡ್ಯಾಗ ಕುಂತು ಇಲ್ಲ ಅಂತ ಹ್ಯಾಂಗ ಒತ್ತಲೆವ್ವಾ? ಮುತ್ತೈದೇರ ಮಾಲದು. ಇವರಪ್ಪ ನಲವತ್ತು ವರ್ಷ ಮಲಾರ ಹೊತ್ತ, ಒಂದ ದಿನ ಬಾಯಾಗ ಆ ಮಾತು ಬರಲಿಲ್ಲ. ಮಗಾ ಇಷ್ಟ ಕಷ್ಟಪಟ್ಟು ಮಾಡ್ಯಾನ, ಇದು ತಪ್ಪು ಅದ ಅಂತ ಹ್ಯಾಂಗ ಹೇಳ್ಲಿ? ಅದಕ್ಕ ಸುಮ್ನಿದ್ದೆ."

ನಾನು ಏಳೆಂಟು ವರ್ಷದವನಿದ್ದಾಗ ಇದೇ ಅಂಗಡಿಯಲ್ಲಿ ಗಿರಾಕಿಯೊಬ್ಬಳಿಗೆ "ಬಳಿ ಇಲ್ಲ" ಎಂದು ಒದರಿ, ಅಪ್ಪನಿಂದ ಬೆನ್ನಿಗೊಂದು ಗುದ್ದು ತಿಂದಿದ್ದೆ. ಆ ಗುದ್ದು ತಿಂದ ನಾನೇ ದೊಡ್ಡವನಾಗಿ, ಕಂಪ್ಯೂಟರ್ ಕಲಿತು, ಅದೇ ಮಾತನ್ನು ಕೆಂಪು ಅಕ್ಷರದಲ್ಲಿ ಬರೆದು ಅವ್ವನ ಕೈಗೆ ಕೊಟ್ಟಿದ್ದೆ. ದೂರದ ಊರಿನವರು ಯಾರಾದರೂ ಮಾಡಿದ್ದರೆ ಕ್ಷಮಿಸಬಹುದಿತ್ತು. ನನಗೆ ಅಲ್ಲೇ ಅಳು ಬಂತು. ಕೈ ತೊಡೆಯ ಕೆಳಗಿದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.

"ಮತ್ತ ಮಾಲು ಮುಗದಾಗ ಗಿರಾಕಿಗಿ ಏನಂತಿ?" ಅಕ್ಕ ಕೇಳಿದರು.

"ದಾರ್ಯಾಗ ಅದಾವವ್ವಾ, ಬೇಸ್ತವಾರ ಬಾ, ಅಂತೀನಿ."

"ಬಾಗುಂದಿ!" ಎಂದರು ಅಕ್ಕ. ಈ ಸಲ ಒಣದಾಗಿರಲಿಲ್ಲ.

ಬಟನ್ ಬದಲಿಸುವುದು ನನ್ನ ಕೈಯಲ್ಲಿತ್ತು. ಆದರೆ ಅಂಗಡಿ ಉಳಿಸುವುದು ಸಾಹುಕಾರರ ಕೈಯಲ್ಲಿತ್ತು. ಅವರು ಮಾತಿನಲ್ಲಿ ಪಳಗಿದವರು, ವಾದ ಮಾಡಿದರೆ ಗೆಲ್ಲುವವರಲ್ಲ ನಾವು. ಅಕ್ಕ ವಾದವನ್ನೇ ಮಾಡಲಿಲ್ಲ. ಶುಕ್ರವಾರ ಸಂಜೆ, ಸಾಹುಕಾರರು ಶಹಾಪುರದ ತಮ್ಮ ಅಂಗಡಿಯಲ್ಲಿ ದೀಪ ಹಚ್ಚಿ, ಊದುಬತ್ತಿ ಬೆಳಗಿ ಗಾದಿಗೆ ಕೂತ ಹೊತ್ತಿಗೆ ಸರಿಯಾಗಿ ಹೋಗಿ, ಲಗ್ನಪತ್ರಿಕೆಯ ಹಿಂದೆ ಬರೆದ ಮೂರು ಬಟನ್ ಅವರ ಮುಂದಿಟ್ಟರು: 'ಅರಿಶಿನ ಇಲ್ಲ', 'ಕುಂಕುಮ ಇಲ್ಲ', 'ಅಕ್ಕಿ ಇಲ್ಲ'.

"ಸಾವ್ಕಾರ್ರೆ, ಇವು ಮೂರೂ ಮುಗದಾವ ಅಂತ ತಿಳೀರಿ. ಒಂದೊಂದ ಒತ್ತಿ ತೋರಸ್ರಿ."

ಸಾಹುಕಾರರು ಬೆರಳು ಎತ್ತಿದರು. ಎತ್ತಿದ ಬೆರಳು ಗಾಳಿಯಲ್ಲೇ ಉಳಿಯಿತು. ದೀಪದ ಕಡೆ ಒಮ್ಮೆ, ಕಾಗದದ ಕಡೆ ಒಮ್ಮೆ ನೋಡಿದರು. "ಏನ್ ತಾಯಿ, ದೀಪ ಹಚ್ಚೂ ಹೊತ್ತಿನಾಗ ಇಂಥಾ ಮಾತು ಅನಸ್ತೀರಿ! ಅದೂ ಶುಕ್ರಾರ!"

"ಅನ್ನಬ್ಯಾಡ್ರಿ. ಬರೇ ಬೊಟ್ಟಲೆ ಒತ್ರಿ. ಕಾಗದ ಅದ."

"ಕಾಗದಾದ್ರೇನ್ರಿ? ಲಕ್ಷ್ಮಿ ಮುಂದ ಕುಂತೀನಿ."

ಅಕ್ಕ ಅಂಗೈಗಳನ್ನು ತೊಡೆಯಡಿ ಸೇರಿಸಿ ಕೂತರು. ಸಾಹುಕಾರರು ಗಲ್ಲ ಕೆರೆದುಕೊಂಡರು, ಟೋಪಿ ತೆಗೆದು ಮತ್ತೆ ಹಾಕಿದರು, ಆಮೇಲೆ ಒಮ್ಮೆಲೇ ಹೊಟ್ಟೆ ಕುಣಿಯುವಂತೆ ನಕ್ಕರು. "ಸುರಪುರದಾಕಿಗಿ ಹಿಂಗ ಆಗ್ಯಾದೇನು? ಆಯ್ತು ಬಿಡ್ರಿ, ಆಕಿ ಅಂಗಡಿ ತೆಗೀಬ್ಯಾಡ್ರಿ. ಬಟನ್ ತೆಗೀರಿ." ಹೊರಡುವಾಗ ಆ ಮೂರು ಬಟನ್ನಿನ ಕಾಗದವನ್ನು ಅಂಗಡಿಯಲ್ಲಿ ಬಿಟ್ಟುಹೋಗಬೇಡಿ ಎಂದು ಅಕ್ಕನ ಕೈಗೇ ವಾಪಸ್ ಕೊಟ್ಟರು.

ಶನಿವಾರ, ರವಿವಾರ ಕೂತು ಕೋಡ್ ತಿದ್ದಿದೆ. ಕೆಂಪು ಹೋಯಿತು. ಹೊಸ ಬಟನ್ ಮೇಲೆ 'ದಾರ್ಯಾಗ ಅದಾವ' ಎಂದೇ ಬರೆದೆ. ಒತ್ತಿದರೆ ಯಾವ ವಾರ ಬರುತ್ತವೆಂದು ಕೇಳುತ್ತದೆ. ಆ ವಾರ ಕೊಳ್ಳುವವರಿಗೂ ಕಾಣುತ್ತದೆ. ಕಾಯುವವರು ಕಾಯುತ್ತಾರೆ, ಅವಸರವಿದ್ದವರು ಬೇರೆ ಅಂಗಡಿ ನೋಡುತ್ತಾರೆ. ಸೋಮವಾರ ಅವ್ವ ಆ ಬಟನ್ ಎಷ್ಟು ಸಲೀಸಾಗಿ ಒತ್ತಿದಳೆಂದರೆ, ಬೇಕಿಲ್ಲದ ಬಳೆಗೂ ಒಮ್ಮೆ ಒತ್ತಿಬಿಟ್ಟಳು. ಇಡೀ ಲಗ್ನಸರಾಯಿ ಮುಗಿದರೂ ನಾಲ್ಕನೆಯ ತಕರಾರು ಬರಲಿಲ್ಲ. ಅಪ್ಪನ ಮಲಾರ ಊರೂರು ತಿರುಗಿತು.

ಸುರಪುರದಿಂದ ಆಫೀಸಿಗೆ ಮರಳಿದಾಗಲೇ ಅಕ್ಕ ಒಂದು ಲಗ್ನಪತ್ರಿಕೆಯ ಹಿಂದೆ ಅವ್ವನ ಮಾತನ್ನು ಬರೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದರು: 'ಏರಸೂ ಮುಂದ ಒಡದ್ರ ಏರಸಾಕಿ ಲುಕ್ಸಾನ.' "ನಾ ಎಂಟು ವರ್ಷ ಇದನ್ನ ದೊಡ್ಡ ದೊಡ್ಡ ಮೀಟಿಂಗ್‌ನಾಗ ಹೇಳೀನಿ ತಮ್ಮಾ, ಇಷ್ಟ ಚೊಲೋ ಹೇಳಾಕ ಬಂದಿದ್ದಿಲ್ಲ," ಎಂದರು. ತಾಯಿಯನ್ನು ಮುಚ್ಚಿಟ್ಟದ್ದಕ್ಕೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಎರಡೂವರೆ ವರ್ಷಕ್ಕೆ ಗಂಡನಿಗೆ ಮತ್ತೆ ವರ್ಗವಾಯಿತು. ಹೊರಡುವ ಮೊದಲು ಅಕ್ಕ ಮಾತು ಉಳಿಸಿಕೊಳ್ಳಲು ಸುರಪುರಕ್ಕೆ ಬಂದರು. ಅವ್ವ ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬೆರಳುಗಳನ್ನು ಒತ್ತಿ ಮೆತ್ತಗೆ ಮಾಡಿ, ಎರಡೂ ಕೈ ತುಂಬ ಹಸಿರು ಬಳೆ ಏರಿಸಿದಳು. ನಡುವೆ ಒಂದು ಒಡೆಯಿತು. "ನನ್ನ ಲುಕ್ಸಾನ," ಎಂದಳು ಅವ್ವ. "ಗೊತ್ತದ ದೊಡ್ಡವ್ವಾ," ಎಂದು ಅಕ್ಕ ನಕ್ಕರು, ಬಗ್ಗಿ ಅವ್ವನ ಪಾದ ಮುಟ್ಟಿದರು. ಇನ್ನು ಕೈ ಮೇಲೆ ಕೂತರೆ ಸದ್ದಾಗುತ್ತದಲ್ಲ ಎಂದು ನಾನು ಕೆಣಕಿದಾಗ, "ಕರವಸ್ತ್ರ ಸುತ್ತಕೊಂತೀನಿ ಬಿಡು," ಎಂದರು.

ಅಕ್ಕ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಕೆಲಸವನ್ನೂ ಈಗ ನಾನೇ ಮಾಡುತ್ತೇನೆ, ಅರೆಬರೆಯಾಗಿ. ಕಂಕುಳಲ್ಲಿ ಲಗ್ನಪತ್ರಿಕೆ ಹಿಡಿದು ಗಿರಣಿಗೆ ಹೋದರೆ ಮೊದಮೊದಲು ಜನ ಊಟ ಯಾವಾಗ ಎಂದು ಕೇಳುತ್ತಿದ್ದರು. ಈಗ ರೂಢಿಯಾಗಿದೆ. ಕೋಡ್ ಬರೆಯುವುದನ್ನು ಪುಸ್ತಕ ನೋಡಿ ಕಲಿತೆ. ನನ್ನವ್ವನ ಕಡೆ ನೋಡುವುದನ್ನು ಆ ಪುಣ್ಯಾತಗಿತ್ತಿ ಕಲಿಸಿದರು. ಅದರ ಋಣ ತೀರುವಂಥದ್ದಲ್ಲ.

ಕಳೆದ ತಿಂಗಳು ಸುರಪುರಕ್ಕೆ ಹೋದಾಗ ಅವ್ವನಿಗೆ ಅಕ್ಕನನ್ನು ವಿಡಿಯೋದಲ್ಲಿ ನೋಡುವ ಆಸೆಯಾಯಿತು. ಹೊಸ ಫೋನು, ಎಲ್ಲವೂ ಎಲ್ಲೆಲ್ಲೋ. ಅವ್ವ ಒಂದು ಒತ್ತಿದರೆ ಟಾರ್ಚ್ ಹತ್ತಿತು, ಇನ್ನೊಂದು ಒತ್ತಿದರೆ ಅವಳ ಹಣೆಯದೇ ಫೋಟೋ ಬಂತು. "ಏ, ನೀ ಹೇಳಬ್ಯಾಡ," ಎಂದಳು. ನಾನು ಹೇಳಲಿಲ್ಲ. ಕಾಲು ಗಂಟೆ ಕಳೆಯಿತು. ಕೊನೆಗೊಮ್ಮೆ ರಿಂಗಾಯಿತು, ಪರದೆಯಲ್ಲಿ ಅಕ್ಕನ ಮುಖ ಮೂಡಿತು, ಕೈ ಎತ್ತಿ ಹಸಿರು ಬಳೆ ತೋರಿಸಿದರು. ಕುಶಲ ಕೇಳುವ ಮೊದಲು ಅವರು ಕೇಳಿದ್ದು ಒಂದೇ: "ಯಾರ್ ಒತ್ತಿಕೊಟ್ರು ದೊಡ್ಡವ್ವಾ?"

"ನಾನೇ ಒತ್ತೀನವ್ವಾ," ಎಂದಳು ಅವ್ವ, ಫೋನನ್ನು ನನ್ನ ಕಡೆ ತಿರುಗಿಸಿ. "ಬೇಕಾದ್ರ ನೋಡು, ಇಂವ ಕೈ ಮ್ಯಾಲ ಕುಂತಾನ."